ಸಿಡಿಲಿನಿಂದ ಫೋನ್ ಲೈನ್, ಮೋಡೆಮ್, ರೂಟರುಗಳನ್ನು ಕಾಪಾಡಿಕೊಳ್ಳುವ ಕ್ರಮ

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟಿದಲ್ಲಿಂದ ಜೂನ್ ಆರಂಭದಲ್ಲಿ ಮುಂಗಾರು ಹಿಡಿಯುವವರೆಗೆ, ಮತ್ತೆ ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳ ಸಂಜೆಗಳಲ್ಲಿ, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಸಿಡಿಲಿಗೆ ಮೊದಲು ಬಲಿಯಾಗುವುದು ಮೋಡೆಮ್, ವೈಫೈ ರೂಟರ್, ಸಿಸಿ ಕ್ಯಾಮೆರಾದ ಡಿವಿಆರ್ ಮತ್ತು ಲ್ಯಾಂಡ್‌ಲೈನ್ ಫೋನು. ಅದೇ ಮನೆಯ ಮಿಕ್ಸಿಗೋ ಫ್ಯಾನಿಗೋ ಏನೂ ಆಗಿರುವುದಿಲ್ಲ. ಮಿಕ್ಸಿಗೆ ಇರುವುದು ಒಂದೇ ನಂಟು, ಕರೆಂಟಿನದು. ಮೋಡೆಮಿಗೆ ಕರೆಂಟಿನ ತಂತಿಯ ಜೊತೆಗೆ ಹೊರಗಿನಿಂದ ಬರುವ ಫೋನ್ ತಂತಿಯೋ, ಕೊಟ್ಟಿಗೆಗೋ ಗೇಟಿಗೋ ಹೋಗುವ ಲ್ಯಾನ್ ವೈರೋ ಸೇರಿಕೊಂಡಿರುತ್ತದೆ. ಒಂದರಿಂದ ಒಳಗೆ ಬಂದ ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಉಕ್ಕು, ಇನ್ನೊಂದರಿಂದ ಹೊರಗೆ ಹೋಗಲು ಹವಣಿಸುತ್ತದೆ, ಮತ್ತು ಆ ಎರಡರ ನಡುವಿನ ದಾರಿಯೇ ಮೋಡೆಮಿನ ಒಳಗಿನ ಬೋರ್ಡು. ಸಿಡಿಲಿಗೆ ಸಿಕ್ಕ ಮೋಡೆಮನ್ನು ಬಿಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣಿಸುವುದುಂಟು: ಅಡಾಪ್ಟರಿನ ಪಿನ್ ಕೂರುವ ಜಾಗ ಚೆನ್ನಾಗಿಯೇ ಇರುತ್ತದೆ, ಲ್ಯಾನ್ ಪೋರ್ಟಿನ ಹಿಂದಿರುವ ಚಿಪ್ಪಿನ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬಿದ್ದಿರುತ್ತದೆ, ಅದರ ಸುತ್ತ ತಾಮ್ರದ ಗೆರೆಗಳು ಕಪ್ಪಾಗಿ ಎದ್ದಿರುತ್ತವೆ.

ಇದಕ್ಕೆ ಸಿಡಿಲು ಮನೆಯ ಮೇಲೆಯೇ ಬೀಳಬೇಕಾಗಿಲ್ಲ. ತೋಟದಾಚೆ, ಕೆಲವು ನೂರು ಮೀಟರ್ ದೂರದ ಮರಕ್ಕೆ ಹೊಡೆದ ಸಿಡಿಲು ಕೂಡ ಕಂಬದಿಂದ ಕಂಬಕ್ಕೆ ಹಾದಿರುವ ವಿದ್ಯುತ್ ತಂತಿಯಲ್ಲಿ, ಫೋನ್ ತಂತಿಯಲ್ಲಿ ಸಾವಿರಾರು ವೋಲ್ಟುಗಳನ್ನು ಪ್ರೇರಿಸುತ್ತದೆ. ಸಾಮಾನ್ಯ ಸಿಡಿಲೊಂದರಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಸಿಡಿಲು ರಕ್ಷಣೆಯ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 62305, ಅತಿ ಕಟ್ಟುನಿಟ್ಟಿನ ರಕ್ಷಣೆಗೆ 2,00,000 ಆಂಪಿಯರ್ ಎಂದು ಲೆಕ್ಕ ಹಿಡಿಯುತ್ತದೆ. ಇಷ್ಟನ್ನು ತಡೆದು ನಿಲ್ಲಿಸುವ ಉಪಕರಣ ಯಾವುದೂ ಇಲ್ಲ. ನಾವು ಮಾಡಬಹುದಾದದ್ದು ಬೇರೆಯೇ: ಮನೆಯೊಳಗೆ ಬರುವ ಎಲ್ಲ ತಂತಿಗಳನ್ನೂ ಒಂದೇ ಅರ್ಥಿಂಗಿಗೆ ಕಟ್ಟಿ, ವೋಲ್ಟೇಜು ಏರುವಾಗ ಎಲ್ಲವೂ ಒಟ್ಟಿಗೆ ಏರುವಂತೆ, ಇಳಿಯುವಾಗ ಒಟ್ಟಿಗೆ ಇಳಿಯುವಂತೆ ಮಾಡುವುದು. ಅಳಿವೆಯಲ್ಲಿ ಉಬ್ಬರ ಬಂದಾಗ ಒಂದೇ ದೋಣಿಯಲ್ಲಿ ಕುಳಿತವರಿಗೆ ಏನೂ ಆಗುವುದಿಲ್ಲ. ಒಂದು ಕಾಲನ್ನು ದೋಣಿಯಲ್ಲೂ ಇನ್ನೊಂದನ್ನು ದಡದಲ್ಲೂ ಇಟ್ಟವನು ಬೀಳುತ್ತಾನೆ. ಮೋಡೆಮನ್ನು ಸುಡುವುದು ವೋಲ್ಟೇಜಿನ ಎತ್ತರವಲ್ಲ, ಎರಡು ತಂತಿಗಳ ನಡುವಿನ ಅಂತರ. ಮುಂದೆ ಹೇಳುವ ಕೆಲಸಗಳೆಲ್ಲ ಈ ಅಂತರವನ್ನು ಕಡಿಮೆ ಮಾಡುವುದಕ್ಕಾಗಿಯೇ ಇವೆ.

ಅರ್ಥಿಂಗ್: ಎರಡು ಬೇಡ, ಒಂದೇ ಇರಲಿ

ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಮೊದಲು ತೆಗೆದುಹಾಕಬೇಕು. ಕಂಪ್ಯೂಟರಿಗೆ, ಟವರಿಗೆ, ಇಂಟರ್ನೆಟ್ ಉಪಕರಣಕ್ಕೆ ಬೇರೆಯದೇ ಆದ ‘ಶುದ್ಧ’ ಅರ್ಥಿಂಗ್ ಗುಂಡಿ ತೋಡಿಸಬೇಕು, ಅದನ್ನು ಮನೆಯ ಅರ್ಥಿಂಗಿಗೆ ಸೇರಿಸಬಾರದು ಎಂದು ಹಲವರು ಹೇಳುತ್ತಾರೆ. ಇದು ಅಪಾಯಕಾರಿ ಸಲಹೆ. ಮನೆಯ ಮೇಲಿನ ಮಿಂಚುವಾಹಕದಿಂದ 10 ಓಮ್ ರೋಧವಿರುವ ಗುಂಡಿಗೆ 10,000 ಆಂಪಿಯರ್ ಇಳಿಯಿತು ಎಂದುಕೊಳ್ಳೋಣ. ಆ ಕ್ಷಣದಲ್ಲಿ ಆ ಗುಂಡಿಯ ಕಂಬಿ ದೂರದ ನೆಲಕ್ಕಿಂತ 1,00,000 ವೋಲ್ಟ್ ಮೇಲಿರುತ್ತದೆ. ಕೆಲವು ಮೀಟರ್ ಆಚೆಗಿನ ಎರಡನೆಯ ಗುಂಡಿ ಅಷ್ಟು ಏರಿರುವುದಿಲ್ಲ. ಒಂದು ಗುಂಡಿಗೆ ವಿದ್ಯುತ್ ಬೋರ್ಡು, ಇನ್ನೊಂದಕ್ಕೆ ಮೋಡೆಮು ಸೇರಿದ್ದರೆ ಆ ಅಂತರವೆಲ್ಲ ಮೋಡೆಮಿನ ಒಳಗೇ ಬೀಳುತ್ತದೆ. ಗುಂಡಿಗಳು ಎಷ್ಟಾದರೂ ಇರಲಿ, ಅವುಗಳನ್ನು ನೆಲದೊಳಗೆ ಜಿಐ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿರಬೇಕು.

ಅರ್ಥಿಂಗ್ ಕುರಿತ ಭಾರತೀಯ ಮಾನದಂಡ ಐಎಸ್ 3043 ಹೇಳುವ ಪೈಪ್ ಅರ್ಥಿಂಗಿನಲ್ಲಿ ಪೈಪಿನ ಉದ್ದ ಕನಿಷ್ಠ 2.5 ಮೀಟರ್. ತೇವವಿರುವ, 100 ಓಮ್-ಮೀಟರ್ ರೋಧಕತೆಯ ಮಣ್ಣಿನಲ್ಲಿ ಇಂಥ ಒಂದು ಪೈಪು ಸುಮಾರು 35 ಓಮ್ ಕೊಡುತ್ತದೆ. ಜಂಬಿಟ್ಟಿಗೆ ನೆಲದಲ್ಲಿ, ಅಂದರೆ ಕರಾವಳಿಯವರು ಮುರಕಲ್ಲು ಎನ್ನುವ ನೆಲದಲ್ಲಿ, ಬೇಸಿಗೆಯ ಕೊನೆಗೆ ಮಣ್ಣು ಬಿರಿದು ಒಣಗಿದಾಗ ಇದು ಹಲವು ಪಟ್ಟು ಏರುತ್ತದೆ. ಸಿಡಿಲು ಬರುವುದೂ ಸರಿಯಾಗಿ ಆ ಹೊತ್ತಿಗೇ. ಆದ್ದರಿಂದ ಮಾರ್ಚಿನಿಂದ ಮೊದಲ ಮಳೆಯವರೆಗೆ ಗುಂಡಿಗೆ ವಾರಕ್ಕೊಮ್ಮೆಯಾದರೂ ನೀರು ಹಾಕಬೇಕು. ಬಚ್ಚಲಿನ ಅಥವಾ ಬಾವಿಕಟ್ಟೆಯ ನೀರು ಹರಿಯುವ ಬದಿಯಲ್ಲಿ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಪೈಪು ಸಾಲದಿದ್ದರೆ ಅದರ ಉದ್ದದ ಎರಡು ಪಟ್ಟು ದೂರದಲ್ಲಿ ಇನ್ನೊಂದನ್ನು ಇಳಿಸಿ ಜೋಡಿಸಬಹುದು. ಇದ್ದಿಲು ಮತ್ತು ಉಪ್ಪು ತುಂಬುವ ರೂಢಿಯಿಂದ ರೋಧ ಇಳಿಯುವುದು ನಿಜ, ಆದರೆ ಉಪ್ಪು ಜಿಐ ಪೈಪನ್ನು ತಿನ್ನುತ್ತದೆ, ಮಳೆಗಾಲದಲ್ಲಿ ತೊಳೆದೂ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬೆಂಟೊನೈಟ್ ಜೇಡಿ ತುಂಬುವುದು ಮಲೆನಾಡಿನ ಮಳೆಗೆ ಹೆಚ್ಚು ಬಾಳುವ ಉಪಾಯ.

ಗುಂಡಿಯಷ್ಟೇ ಮುಖ್ಯವಾದದ್ದು ಗುಂಡಿಯಿಂದ ಗೋಡೆಯವರೆಗಿನ ಜೋಡಣೆ. ಎಷ್ಟೋ ಮನೆಗಳಲ್ಲಿ ಪೈಪಿನ ತಲೆಯಲ್ಲಿರುವ ಬೋಲ್ಟು ತುಕ್ಕು ಹಿಡಿದು ಹುಡಿಯಾಗಿರುತ್ತದೆ, ತಂತಿ ಸುಮ್ಮನೆ ತಾಗಿಕೊಂಡಿರುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿದರೆ 230 ವೋಲ್ಟ್ ತೋರಿಸಿತು ಎಂದ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಎಂದು ತಿಳಿಯಬಾರದು. ಮೀಟರು ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ ತುಕ್ಕು ಹಿಡಿದ ಬೋಲ್ಟಿನ ಮೂಲಕವೂ ಅದು ಅದೇ ಅಂಕಿಯನ್ನು ತೋರಿಸುತ್ತದೆ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ನರಿಂದ, ಮಳೆಗಾಲದಲ್ಲಲ್ಲ, ಏಪ್ರಿಲಿನಲ್ಲಿಯೇ ಅಳತೆ ಮಾಡಿಸಬೇಕು.

ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ

ಸರ್ಜ್ ಪ್ರೊಟೆಕ್ಷನ್ ಡಿವೈಸ್, ಅಂಗಡಿಯವರ ಮಾತಿನಲ್ಲಿ ಎಸ್‌ಪಿಡಿ, ಎಂಸಿಬಿಯ ಗಾತ್ರದ ಪೆಟ್ಟಿಗೆ. ಸಾಮಾನ್ಯ ವೋಲ್ಟೇಜಿನಲ್ಲಿ ಅದು ಸುಮ್ಮನಿರುತ್ತದೆ. ವೋಲ್ಟೇಜು ಮಿತಿ ಮೀರಿದ ಕ್ಷಣದಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಒಂದಾಗಿಸಿ ಸರ್ಜನ್ನು ನೆಲಕ್ಕೆ ದಾಟಿಸುತ್ತದೆ. ತಲೆಯ ಮೇಲಿನ ತಂತಿಗಳಿಂದ ಕರೆಂಟು ಪಡೆಯುವ ಹಳ್ಳಿಯ ಮನೆಗೆ ‘ಟೈಪ್ 2’ ಎಂದು ಬರೆದಿರುವ, 320 ವೋಲ್ಟ್ ನಿರಂತರ ತಾಳಿಕೆಯ, 20 ಕಿಲೊ ಆಂಪಿಯರಿನ ಎಸ್‌ಪಿಡಿ ಆರಿಸಬಹುದು. ಛಾವಣಿಯ ಮೇಲೆ ಮಿಂಚುವಾಹಕವಿದ್ದರೆ ‘ಟೈಪ್ 1+2’ ಬೇಕಾಗುತ್ತದೆ, ಏಕೆಂದರೆ ಆಗ ನೇರ ಸಿಡಿಲಿನ ಪಾಲೊಂದು ಬೋರ್ಡಿನ ಮೂಲಕ ಹಾಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಮನೆಯ ಅರ್ಥಿಂಗು ಸಾಮಾನ್ಯವಾಗಿ ಮನೆಯದೇ ಗುಂಡಿಯದು, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅರ್ಥಿಂಗಿಗೂ ಅದಕ್ಕೂ ತಂತಿಯ ಸಂಪರ್ಕ ಇರುವುದಿಲ್ಲ. ಇಂಥ ವ್ಯವಸ್ಥೆಗೆ ‘1+1’ ಜೋಡಣೆಯ ಎಸ್‌ಪಿಡಿಯೇ ಬೇಕು: ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಂಒವಿ (ವೋಲ್ಟೇಜು ಏರಿದಾಗ ಮಾತ್ರ ಕರೆಂಟು ಬಿಡುವ ಬಿಲ್ಲೆ), ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಗ್ಯಾಸ್ ಟ್ಯೂಬ್ (ವೋಲ್ಟೇಜು ಮೀರಿದಾಗ ಒಳಗಿನ ಅನಿಲ ಹೊತ್ತಿ ದಾರಿ ಬಿಡುವ ಕೊಳವೆ). ಮೂರು ಫೇಸಿನ ಮನೆಗೆ ಇದೇ ಕ್ರಮದ ‘3+1’ ಕೇಳಿ ಪಡೆಯಬೇಕು. ಇದನ್ನು ಆರ್‌ಸಿಸಿಬಿಗಿಂತ (ಕರೆಂಟು ನೆಲಕ್ಕೆ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚಿಗಿಂತ) ಮೊದಲು, ಮೀಟರಿನ ಕಡೆಗೆ ಹಾಕಿಸಬೇಕು. ಇಲ್ಲದಿದ್ದರೆ ಪ್ರತಿ ಮಿಂಚಿಗೂ ಆರ್‌ಸಿಸಿಬಿ ಬೀಳುತ್ತದೆ, ಅಥವಾ ಸರ್ಜ್ ಅದರ ಮೂಲಕವೇ ಹಾದು ಅದು ಕೆಡುತ್ತದೆ.

ಈ ಕೆಲಸದಲ್ಲಿ ಸಾಮಾನ್ಯವಾಗಿ ಕಡೆಗಣಿಸುವುದು ತಂತಿಯ ಉದ್ದವನ್ನು. ನೆಟ್ಟನೆಯ ತಂತಿಯೊಂದಕ್ಕೆ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಪ್ರೇರಕತ್ವ, ಅಂದರೆ ಕರೆಂಟು ದಿಢೀರನೆ ಏರುವುದನ್ನು ವಿರೋಧಿಸುವ ಗುಣ, ಇರುತ್ತದೆ. 8 ಮೈಕ್ರೊಸೆಕೆಂಡಿನಲ್ಲಿ 10,000 ಆಂಪಿಯರಿಗೆ ಏರುವ ಸರ್ಜ್ ಅದರಲ್ಲಿ ಹರಿದರೆ ಪ್ರತಿ ಮೀಟರಿಗೂ ಸುಮಾರು 1,250 ವೋಲ್ಟ್ ಹುಟ್ಟುತ್ತದೆ, ತಂತಿ ಎಷ್ಟೇ ದಪ್ಪವಿದ್ದರೂ ಇದರಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಎಸ್‌ಪಿಡಿ 1,500 ವೋಲ್ಟಿಗೆ ತಡೆದು ನಿಲ್ಲಿಸಿದರೂ ಒಂದು ಮೀಟರ್ ತಂತಿ ಸೇರಿದಾಗ ಉಪಕರಣಕ್ಕೆ ತಲುಪುವುದು 2,750. ಸಾಮಾನ್ಯ ಗೃಹೋಪಕರಣಗಳು ತಾಳಬೇಕೆಂದು ನಿಗದಿಯಾಗಿರುವುದು 2,500 ವೋಲ್ಟ್ ಮಾತ್ರ. ಆದ್ದರಿಂದ ಫೇಸಿನಿಂದ ಎಸ್‌ಪಿಡಿಗೆ ಮತ್ತು ಎಸ್‌ಪಿಡಿಯಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿಗಳೆರಡೂ ಸೇರಿ ಅರ್ಧ ಮೀಟರಿಗಿಂತ ಕಡಿಮೆ ಇರಬೇಕು. ಬೋರ್ಡಿನೊಳಗೆ ಅಂದಕ್ಕಾಗಿ ಸುರುಳಿ ಸುತ್ತಿ ಕಟ್ಟಿದ ಅರ್ಥ್ ತಂತಿ ಎಸ್‌ಪಿಡಿಯ ಅರ್ಧ ಪ್ರಯೋಜನವನ್ನು ನುಂಗುತ್ತದೆ. ಈ ಕಾರಣಕ್ಕಾಗಿಯೇ ಬೋರ್ಡಿನ ಪಕ್ಕದಲ್ಲೇ ತಾಮ್ರದ ಅರ್ಥ್ ಪಟ್ಟಿಯೊಂದನ್ನು ಹಾಕಿಸಿ ಗುಂಡಿಯ ತಂತಿಯನ್ನು ಅಲ್ಲಿಗೆ ತರಿಸಬೇಕು. ಟೈಪ್ 2ಕ್ಕೆ ಅರ್ಥ್ ತಂತಿ ಕನಿಷ್ಠ 6 ಚದರ ಮಿಲಿಮೀಟರ್, ಟೈಪ್ 1ಕ್ಕೆ 16 ಚದರ ಮಿಲಿಮೀಟರ್ ತಾಮ್ರದ್ದು ಇರಬೇಕು. ಈ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರು, ಮೇನ್ ತೆಗೆದು, ಮಾಡಬೇಕು.

ಸಿಡಿಲಿಗೆ ಸಂಬಂಧವಿಲ್ಲದ ಇನ್ನೊಂದು ಆಪತ್ತೂ ಇದೆ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದುಹೋದರೆ 230 ವೋಲ್ಟ್ ಇರಬೇಕಾದ ಪ್ಲಗ್ಗಿನಲ್ಲಿ 400ರ ಹತ್ತಿರ ಬರಬಹುದು, ಲೈನ್‌ಮ್ಯಾನ್ ಬರುವವರೆಗೂ ಹಾಗೆಯೇ ಇರಬಹುದು. ಮೈಕ್ರೊಸೆಕೆಂಡುಗಳ ಸರ್ಜಿಗಾಗಿ ಮಾಡಿದ ಎಸ್‌ಪಿಡಿ ಇದನ್ನು ತಡೆಯಲಾರದು, ತಾನೇ ಕಾದು ಸುಡುತ್ತದೆ. ಇದಕ್ಕೆ ವೋಲ್ಟೇಜು ಮೀರಿದ ಕೂಡಲೇ ಸಂಪರ್ಕ ಕಡಿಯುವ ಬೇರೆ ರಿಲೇ ಬೇಕು. ಸ್ಟೆಬಿಲೈಸರು, ಇನ್ವರ್ಟರು, ಚಿಕ್ಕ ಯುಪಿಎಸ್ ಇದ್ದರೆ ಸಾಕು ಎಂಬ ಧೈರ್ಯವೂ ಸಲ್ಲದು. ಕರೆಂಟು ಇರುವಾಗ ಇವುಗಳಲ್ಲಿ ಹೆಚ್ಚಿನವು ಲೈನನ್ನು ನೇರವಾಗಿ ಮುಂದಕ್ಕೆ ದಾಟಿಸುತ್ತವೆ, ಮತ್ತು ಅವುಗಳ ರಿಲೇ ಮಿಲಿಸೆಕೆಂಡಿನಲ್ಲಿ ಎಚ್ಚರಗೊಳ್ಳುವ ಹೊತ್ತಿಗೆ ಸಿಡಿಲಿನ ಕೆಲಸ ಮುಗಿದಿರುತ್ತದೆ.

ತಾಮ್ರದ ಫೋನ್ ಲೈನ್

ತಾಮ್ರದ ಲ್ಯಾಂಡ್‌ಲೈನ್ ಇನ್ನೂ ಉಳಿದಿರುವ ಮನೆಗಳಲ್ಲಿ ಲೈನು ಗೋಡೆಯೊಳಗೆ ಬರುವ ಜಾಗದಲ್ಲೇ ಗ್ಯಾಸ್ ಟ್ಯೂಬಿನ ಪ್ರೊಟೆಕ್ಟರ್ ಇರಬೇಕು. ಲೈನಿನಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಬಂದಾಗ ಅದರ ಮೇಲೆ 75 ವೋಲ್ಟ್ ಎಸಿ ಸೇರುತ್ತದೆ. ತುದಿಯ ಬೆಲೆ ಲೆಕ್ಕ ಹಾಕಿದರೆ ಸುಮಾರು 154. ಅದಕ್ಕೆ ತಾಗದಂತೆ 230 ವೋಲ್ಟಿನ ಟ್ಯೂಬು ಹಾಕುವುದು ರೂಢಿ. ಮೂರು ಕಾಲುಗಳಿರುವ ಟ್ಯೂಬನ್ನೇ ಕೇಳಬೇಕು. ಎರಡು ತಂತಿಗೆ ಎರಡು ಬಿಡಿ ಟ್ಯೂಬು ಹಾಕಿದರೆ ಒಂದು ಮೊದಲು, ಇನ್ನೊಂದು ಒಂದು ಕ್ಷಣ ತಡವಾಗಿ ಹೊತ್ತಿಕೊಳ್ಳುತ್ತದೆ, ಆ ಕ್ಷಣದಲ್ಲಿ ಎರಡು ತಂತಿಗಳ ನಡುವಿನ ಅಂತರವೆಲ್ಲ ಮೋಡೆಮಿಗೆ ಬೀಳುತ್ತದೆ. ಮೂರು ಕಾಲಿನ ಟ್ಯೂಬಿನಲ್ಲಿ ಅನಿಲ ಒಂದೇ ಕೋಣೆಯಲ್ಲಿರುವುದರಿಂದ ಎರಡೂ ಬದಿ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಪ್ರೊಟೆಕ್ಟರಿನ ಅರ್ಥ್ ತಂತಿ ವಿದ್ಯುತ್ ಬೋರ್ಡಿನ ಪಕ್ಕದ ಅದೇ ತಾಮ್ರದ ಪಟ್ಟಿಗೆ ಬರಬೇಕು. ಫೋನ್ ಲೈನು ಮನೆಯ ಮುಂಭಾಗದಿಂದ, ಕರೆಂಟು ಹಿತ್ತಲಿನಿಂದ ಬರುತ್ತಿದ್ದರೆ ಇದು ಆಗದ ಮಾತು. ಆಗ ಹೊರಗೋಡೆಯ ಮೇಲೆಯೇ ಫೋನ್ ತಂತಿಯನ್ನು ಬಳಸಿ ತಂದು ಮೀಟರ್ ಬೋರ್ಡಿನ ಹತ್ತಿರ ಒಳಗೆ ಬಿಡಿಸುವುದು ಎಷ್ಟೇ ಕಷ್ಟವೆನಿಸಿದರೂ ಮಾಡತಕ್ಕ ಕೆಲಸ. ಅದೂ ಸಾಧ್ಯವಾಗದಿದ್ದಲ್ಲಿ, ಕರೆಂಟು ಮತ್ತು ಫೋನ್ ಅಥವಾ ಲ್ಯಾನ್ ತಂತಿ ಎರಡೂ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗುವ ಪ್ಲಗ್‌ಬೋರ್ಡು ಸಿಗುತ್ತದೆ. ಅದನ್ನು ಮೋಡೆಮಿನ ಹತ್ತಿರ ಹಾಕಿ, ಮೋಡೆಮಿಗೆ ಬರುವ ಪ್ರತಿಯೊಂದು ತಂತಿಯನ್ನೂ ಅದರ ಮೂಲಕವೇ ತರಬೇಕು. ಒಂದು ತಂತಿ ತಪ್ಪಿಸಿಕೊಂಡರೂ ಇಡೀ ಏರ್ಪಾಟು ವ್ಯರ್ಥ. ಅರ್ಥ್ ತೂತಿನ ಹಿಂದೆ ತಂತಿಯೇ ಇಲ್ಲದ ಹಳೆಯ ಪ್ಲಗ್ಗಿಗೆ ಎಷ್ಟು ಬೆಲೆಯ ಸ್ಪೈಕ್ ಗಾರ್ಡ್ ಚುಚ್ಚಿದರೂ ಸರ್ಜಿಗೆ ನೆಲದ ದಾರಿ ಸಿಗುವುದಿಲ್ಲ.

ಫೈಬರ್ ಬಂದರೆ ಚಿಂತೆಯಿಲ್ಲವೇ?

ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಸಿಡಿಲು ಹೆಚ್ಚಿರುವ ಊರಿನಲ್ಲಿ ತಾಮ್ರದ ಲೈನಿನಿಂದ ಫೈಬರಿಗೆ ಬದಲಾಯಿಸುವುದಕ್ಕೆ ಇದೊಂದೇ ಕಾರಣ ಸಾಕು. ಆದರೆ ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲಿನಲ್ಲಿ ಭಾರ ಹೊರುವ ಎಳೆ ಹಲವು ಸಲ ಉಕ್ಕಿನದಾಗಿರುತ್ತದೆ, ಗಾಜಿನ ಎಳೆಯ ಇಕ್ಕೆಲದಲ್ಲೂ ಸಣ್ಣ ಉಕ್ಕಿನ ತಂತಿಗಳಿರುವುದುಂಟು. ಇವನ್ನು ಹಾಗೆಯೇ ಒಳಗೆ ತಂದು ಒಎನ್‌ಟಿಯ (ಫೈಬರ್ ಬಂದು ಸೇರುವ ಮೋಡೆಮಿನ) ಪಕ್ಕ ಸುತ್ತಿಟ್ಟರೆ ಹೊರಗಿನ ಸಿಡಿಲನ್ನು ಉಪಕರಣದ ಮಗ್ಗುಲಿಗೆ ಕರೆತಂದಂತಾಗುತ್ತದೆ. ಉಕ್ಕಿನ ಎಳೆಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕೊನೆಗೊಳಿಸಿ, ಗಾಜಿನ ಭಾಗವನ್ನು ಮಾತ್ರ ಒಳಗೆ ಬಿಡುವಂತೆ ಕೇಬಲ್ ಎಳೆಯುವವರನ್ನು ಕೇಳಬೇಕು; ಲೋಹವಿಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯ ಡ್ರಾಪ್ ಕೇಬಲ್ ಸಿಗುವುದಾದರೆ ಅದನ್ನೇ ಹಾಕಿಸಿಕೊಳ್ಳಬೇಕು. ಫೈಬರ್ ಇದ್ದರೂ ಒಎನ್‌ಟಿಯ ಅಡಾಪ್ಟರಿಗೆ ಕರೆಂಟಿನ ದಾರಿ ಇದ್ದೇ ಇದೆ. ಭಾರತ್‌ನೆಟ್ ಯೋಜನೆಯಲ್ಲಿ ಸೌರಫಲಕ ಜೋಡಿಸಿದ ಗ್ರಾಮ ಪಂಚಾಯಿತಿ ಕಚೇರಿಗಳಂಥ ಕಡೆ ಛಾವಣಿಯಿಂದ ಇಳಿಯುವ ಡಿಸಿ ತಂತಿ ಇನ್ನೊಂದು ದಾರಿ, ಅದಕ್ಕೆ ಡಿಸಿಗೆಂದೇ ಮಾಡಿದ ಎಸ್‌ಪಿಡಿ ಬೇರೆ ಇರಬೇಕು.

ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಲ್ಯಾನ್ ವೈರ್

ಫೈಬರ್ ಬಂದ ಮೇಲೆಯೂ ರೂಟರುಗಳು ಸುಡುತ್ತಿರುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಇದು. ಗೇಟಿನ ಕಂಬಕ್ಕೆ ಕ್ಯಾಮೆರಾ, ಅಡಿಕೆ ಒಣಗಿಸುವ ಅಂಗಳದ ಆಚೆಯ ಗೋದಾಮಿಗೆ ಇಂಟರ್ನೆಟ್, ತೋಟದ ಪಂಪ್‌ಹೌಸಿಗೆ ಇನ್ನೊಂದು ರೂಟರ್ ಎಂದು ಎಳೆದ ಲ್ಯಾನ್ ವೈರು ಬಯಲಿನಲ್ಲಿ ಹಾದುಹೋಗಿ ಆಂಟೆನಾದಂತೆ ಸರ್ಜನ್ನು ಹಿಡಿಯುತ್ತದೆ, ಬೇರೆ ಬೇರೆ ಅರ್ಥಿಂಗ್ ಇರುವ ಎರಡು ಕಟ್ಟಡಗಳನ್ನು ಸೇರಿಸಿಯೂ ಬಿಡುತ್ತದೆ. ಈಥರ್ನೆಟ್ ಮಾನದಂಡದ ಪ್ರಕಾರ ಲ್ಯಾನ್ ಪೋರ್ಟು 1,500 ವೋಲ್ಟ್ ಎಸಿಯನ್ನು ಒಂದು ನಿಮಿಷ ತಾಳಬೇಕು; ಸಿಡಿಲಿನ ಸಮಯದಲ್ಲಿ ಎರಡು ಕಟ್ಟಡಗಳ ನಡುವೆ ಹುಟ್ಟುವ ಅಂತರದ ಮುಂದೆ ಅದು ಏನೇನೂ ಅಲ್ಲ.

ಇದಕ್ಕೆ ಸರಿಯಾದ ಪರಿಹಾರ ಕಟ್ಟಡಗಳ ನಡುವೆ ಲೋಹವಿಲ್ಲದ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ಲ್ಯಾನ್ ಸಂಕೇತಕ್ಕೆ ಬದಲಿಸುವ ಪೆಟ್ಟಿಗೆ, ಇಡುವುದು. ಲ್ಯಾನ್ ವೈರಿನ ಉದ್ದಕ್ಕಿರುವ 100 ಮೀಟರಿನ ಮಿತಿಯೂ ಇದರಿಂದ ತಪ್ಪುತ್ತದೆ. ಅದು ಆಗದಿದ್ದರೆ ವೈರಿನ ಎರಡೂ ತುದಿಗೆ ಲ್ಯಾನ್ ಎಸ್‌ಪಿಡಿ ಹಾಕಿ, ಪ್ರತಿಯೊಂದನ್ನೂ ಆಯಾ ಕಟ್ಟಡದ ಅರ್ಥ್ ಪಟ್ಟಿಗೆ ಗಿಡ್ಡ ತಂತಿಯಿಂದ ಸೇರಿಸಬೇಕು. ಒಂದೇ ತುದಿಗೆ ಹಾಕಿದರೆ ಇನ್ನೊಂದು ತುದಿಯ ಉಪಕರಣ ಹೋಗುತ್ತದೆ. ಹೊರಗಿನ ಕಟ್ಟಡಕ್ಕೆ ಕರೆಂಟೂ ಇಲ್ಲಿಂದಲೇ ಹೋಗುತ್ತಿದ್ದರೆ ಅಲ್ಲಿಯ ಬೋರ್ಡಿಗೂ ಒಂದು ಎಸ್‌ಪಿಡಿ ಬೇಕು.

ಸಿಗ್ನಲ್ ಸಿಗದ ಮನೆಗಳಲ್ಲಿ ಛಾವಣಿಯ ಮೇಲೆ ಪೈಪು ನಿಲ್ಲಿಸಿ 4ಜಿ ಆಂಟೆನಾ ಅಥವಾ ವೈಫೈ ರೇಡಿಯೊ ಕಟ್ಟುವುದುಂಟು. ಆ ಪೈಪನ್ನು ಹೊರಗೋಡೆಯ ಮೂಲಕವೇ, ಚೂಪು ತಿರುವುಗಳಿಲ್ಲದ ಪಟ್ಟಿಯಿಂದ ನೆಲಕ್ಕಿಳಿಸಿ ಮನೆಯ ಅರ್ಥಿಂಗಿಗೆ ಸೇರಿಸಬೇಕು. ಕೇಬಲಿನ ಹೊರಕವಚವನ್ನು ಅದು ಗೋಡೆಯೊಳಗೆ ಹೋಗುವ ಮುನ್ನ ಅಲ್ಲೇ ಅರ್ಥ್ ಮಾಡಬೇಕು. ಟೆಲಿಕಾಂ ಟವರುಗಳಲ್ಲೂ ಫೀಡರ್ ಕೇಬಲುಗಳನ್ನು ಟವರಿನ ಮೇಲೆ, ಬುಡದಲ್ಲಿ, ಕೋಣೆಯೊಳಗೆ ಹೋಗುವ ಮುನ್ನ ಹೀಗೆಯೇ ಅರ್ಥ್ ಮಾಡುತ್ತಾರೆ, ಟವರಿನ ಮತ್ತು ಉಪಕರಣ ಕೋಣೆಯ ಅರ್ಥಿಂಗನ್ನು ನೆಲದೊಳಗೆ ಒಂದಾಗಿಸುತ್ತಾರೆ. ಮಿಂಚುವಾಹಕ ಕಾಪಾಡುವುದು ಕಟ್ಟಡವನ್ನು, ಮೋಡೆಮನ್ನಲ್ಲ. ಅದಿದ್ದರೆ ಎಸ್‌ಪಿಡಿಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೋಡ ಕಟ್ಟಿದಾಗ

ಇಷ್ಟೆಲ್ಲ ಮಾಡಿದ ಮನೆಯಲ್ಲೂ ಮಳೆಗೆ ಮೊದಲು ತಂತಿ ಕಳಚಿಡುವುದಕ್ಕಿಂತ ಖಚಿತವಾದ ರಕ್ಷಣೆ ಇನ್ನೊಂದಿಲ್ಲ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ, ಅದರೊಳಗಿನ ಸಂದು ಕೆಲವೇ ಮಿಲಿಮೀಟರ್, ಮತ್ತು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಇದ್ದರೆ ಸರ್ಜ್ ಗಾಳಿಯಲ್ಲೇ ಜಿಗಿಯುತ್ತದೆ. ಪ್ಲಗ್ಗನ್ನು ಕಿತ್ತು ಬೋರ್ಡಿನಿಂದ ಒಂದು ಮೊಳ ದೂರ ಇಡಬೇಕು. ಫೋನ್ ತಂತಿಯನ್ನೂ ಹೊರಗಿನ ಕಟ್ಟಡಕ್ಕೆ ಹೋಗುವ ಲ್ಯಾನ್ ವೈರನ್ನೂ ಕಳಚಬೇಕು. ಲೋಹವಿಲ್ಲದ ಫೈಬರನ್ನು ಕಳಚುವ ಅಗತ್ಯವಿಲ್ಲ, ಪದೇ ಪದೇ ತೆಗೆದರೆ ಅದರ ತುದಿಗೆ ದೂಳು ಕೂತು ನೆಟ್ ನಿಧಾನವಾಗುತ್ತದೆ.

ಇದನ್ನು ಗುಡುಗು ಕೇಳಿಸುವ ಮೊದಲೇ ಮಾಡಿ ಮುಗಿಸಬೇಕು. ಮಿಂಚು ಕಂಡು 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೊಮೀಟರ್ ದೂರದಲ್ಲಿದೆ, 30 ಸೆಕೆಂಡಾದರೆ ಹತ್ತು ಕಿಲೊಮೀಟರ್. ಹತ್ತು ಕಿಲೊಮೀಟರಿನೊಳಗೆ ಬಂದ ಮೇಲೆ ತಂತಿಗಳಿಗೆ ಕೈ ಹಾಕುವುದು ಜೀವಕ್ಕೇ ಅಪಾಯ. ಮೋಡೆಮ್ ಹೋದರೆ ಹೋಗಲಿ, ಆಗ ಮುಟ್ಟಬೇಡಿ. ತಂತಿಯಿರುವ ಲ್ಯಾಂಡ್‌ಲೈನಿನಲ್ಲಿ ಮಾತನಾಡುವುದನ್ನೂ ನಿಲ್ಲಿಸಬೇಕು, ಚಾರ್ಜಿಗೆ ಹಾಕಿರದ ಮೊಬೈಲಿಗೆ ಈ ತೊಂದರೆಯಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮುನ್ನೆಚ್ಚರಿಕೆ ನೀಡುತ್ತವೆ. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲವೆಂದಾದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಡುವಾಗಲೇ ಪ್ಲಗ್ ತೆಗೆದಿಡುವುದನ್ನು ಅಭ್ಯಾಸ ಮಾಡಿಕೊಳ್ಳಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಮತ್ತೆ ಜೋಡಿಸಬಹುದು.

ಪ್ರತಿ ದೊಡ್ಡ ಸಿಡಿಲಿನ ಮರುದಿನ ಎಸ್‌ಪಿಡಿಯ ಮುಖದಲ್ಲಿರುವ ಸಣ್ಣ ಕಿಂಡಿಯನ್ನು ನೋಡಬೇಕು. ಹಸಿರಿದ್ದರೆ ಸರಿ, ಕೆಂಪಾಗಿದ್ದರೆ ಅದರ ಕಾರ್ಟ್ರಿಡ್ಜ್ ಸತ್ತಿದೆ. ಕರೆಂಟು ಎಂದಿನಂತೆಯೇ ಬರುತ್ತಿರುತ್ತದೆ, ಆದರೆ ಮುಂದಿನ ಸರ್ಜಿಗೆ ತಡೆಯಿಲ್ಲ. ಲ್ಯಾಂಡ್‌ಲೈನಿನ ಡಯಲ್ ಟೋನ್ ಹೋಗಿದ್ದರೆ ಮೊದಲು ಪ್ರೊಟೆಕ್ಟರಿನ ಟ್ಯೂಬನ್ನು ಹೊರತೆಗೆಸಿ ನೋಡಿಸಬೇಕು, ಏಕೆಂದರೆ ದೊಡ್ಡ ಸರ್ಜಿಗೆ ಸಿಕ್ಕ ಟ್ಯೂಬು ಕೆಲವೊಮ್ಮೆ ಶಾರ್ಟ್ ಆಗಿಯೇ ಉಳಿದು ಲೈನನ್ನು ನೆಲಕ್ಕೆ ಹಿಡಿದಿರುತ್ತದೆ. ಫೋನು, ಮೋಡೆಮು ಎರಡೂ ಚೆನ್ನಾಗಿಯೇ ಇರುತ್ತವೆ. ಟ್ಯೂಬು, ಕಾರ್ಟ್ರಿಡ್ಜ್ ಒಂದೊಂದನ್ನು ಮಳೆಗಾಲಕ್ಕೆ ಮೊದಲೇ ತಂದು ಬೋರ್ಡಿನ ಹತ್ತಿರ ಇಟ್ಟುಕೊಂಡಿದ್ದರೆ ಎಲೆಕ್ಟ್ರಿಷಿಯನ್ ಬಂದ ದಿನವೇ ಬದಲಾಯಿಸಿಕೊಳ್ಳಬಹುದು.